ಲಾ ಓದುವುದು ಕೆನಡಾದಲ್ಲೋ ಅಮೆರಿಕದಲ್ಲೋ? ಎರಡೂ ಕಡೆ ಕೆಲಸ ಮಾಡಬೇಕೆನ್ನುವವರಿಗೆ

ಟೊರಾಂಟೊದಲ್ಲಿ ಲಾ ಓದಿ ನ್ಯೂಯಾರ್ಕಿನಲ್ಲಿ ವಕೀಲಿಕೆ ಮಾಡಬಹುದಾ? ಅಥವಾ ನ್ಯೂಯಾರ್ಕಿನಲ್ಲೇ ಓದಿ, ಬೇಕಾದಾಗ ಟೊರಾಂಟೊಗೆ ಬಂದರೆ ಒಳ್ಳೆಯದಾ? ಟೊರಾಂಟೊ ಪಕ್ಕದ ಮಿಸಿಸಾಗಾ, ಬ್ರಾಂಪ್ಟನ್ ಕಡೆಯ ನಮ್ಮವರ ಮನೆಗಳಲ್ಲಿ ಮಕ್ಕಳು ಡಿಗ್ರಿಯ ಕೊನೇ ವರ್ಷಕ್ಕೆ ಬಂದಾಗ ಈ ಪ್ರಶ್ನೆ ಏಳುತ್ತದೆ. ಬೆಂಗಳೂರಿನಿಂದಲೂ ಕೇಳುತ್ತಾರೆ. ಆದರೆ ಅಲ್ಲಿಂದ ಕೇಳುವವರಿಗೆ ಉತ್ತರ ಪೂರ್ತಿ ಬೇರೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಕೈಯಲ್ಲಿ ಕೆನಡಾ ಪಾಸ್‌ಪೋರ್ಟ್ ಇದೆಯಾ? ಹಾಗಿದ್ದರೆ ಕೆನಡಾದಲ್ಲೇ ಓದಿ. ಅಮೆರಿಕದ ತೀರಾ ದೊಡ್ಡ ಹೆಸರಿನ ಶಾಲೆಯೊಂದು ಒಳ್ಳೆ ಸ್ಕಾಲರ್‌ಶಿಪ್ ಕೊಟ್ಟು ಕರೆದರೆ ಮಾತ್ರ ಬೇರೆ ಮಾತು. ಇದನ್ನು ರ‍್ಯಾಂಕಿಂಗ್ ನೋಡಿ ಹೇಳುತ್ತಿಲ್ಲ. ಕೆನಡಾದ ಪದವಿ ಹಿಡಿದು ದಕ್ಷಿಣಕ್ಕೆ ಹೋಗುವುದು ಸಲೀಸು, ಅಮೆರಿಕದ ಪದವಿ ಹಿಡಿದು ಉತ್ತರಕ್ಕೆ ಬರುವುದು ಸುತ್ತುಬಳಸಿನ ದಾರಿ. ಈ ಒಂದು ವ್ಯತ್ಯಾಸ ಗೊತ್ತಿಲ್ಲದೆ ತುಂಬಾ ಜನ ಸುಮ್ನೆ ಸಾಲ ಮಾಡಿಕೊಳ್ಳುತ್ತಾರೆ.

ಕೆನಡಾದಿಂದ ಕೆಳಗೆ ಹೋಗುವ ದಾರಿ

ಎರಡೂ ದೇಶದಲ್ಲಿ ಈಗ ಪದವಿಯ ಹೆಸರು ಜೆಡಿ. ಮೊದಲು ಒಂದು ಡಿಗ್ರಿ ಮುಗಿಸಿ, ಅದರ ಮೇಲೆ ಮೂರು ವರ್ಷ ಓದುವುದು. ಕೆನಡಾದಲ್ಲಿ ಮುಂಚೆ ಇದನ್ನು ಎಲ್‌ಎಲ್‌ಬಿ ಅನ್ನುತ್ತಿದ್ದರು. 2001ರಲ್ಲಿ ಟೊರಾಂಟೊ ವಿಶ್ವವಿದ್ಯಾಲಯ ಜೆಡಿ ಅಂತ ಬದಲಿಸಿತು, ಉಳಿದವರೂ ಒಬ್ಬೊಬ್ಬರಾಗಿ ಅದೇ ದಾರಿ ಹಿಡಿದರು.

ನ್ಯೂಯಾರ್ಕ್ ರಾಜ್ಯದ ನಿಯಮ ಹೀಗಿದೆ: ಇಂಗ್ಲಿಷ್ ಕಾಮನ್ ಲಾ (ಹಿಂದಿನ ಕೋರ್ಟ್ ತೀರ್ಪುಗಳನ್ನು ಆಧಾರವಾಗಿಡುವ) ಪದ್ಧತಿಯ ದೇಶದಲ್ಲಿ, ಅಮೆರಿಕದ ಜೆಡಿಯಷ್ಟೇ ಅವಧಿಯ ಕಾನೂನು ಪದವಿಯನ್ನು ಕ್ಲಾಸಿನಲ್ಲಿ ಕೂತು ಓದಿದ್ದರೆ ಅಲ್ಲಿಯ ಬಾರ್ ಪರೀಕ್ಷೆಗೆ, ಅಂದರೆ ವಕೀಲರಾಗಲು ಪಾಸಾಗಬೇಕಾದ ಪರೀಕ್ಷೆಗೆ, ಕೂರಬಹುದು. ಕೆನಡಾದ ಮೂರು ವರ್ಷದ ಜೆಡಿ ಇದಕ್ಕೆ ಸರಿಹೊಂದುತ್ತದೆ. ಮತ್ತೊಂದು ಎಲ್‌ಎಲ್‌ಎಂ ಮಾಡಬೇಕಾಗಿಲ್ಲ. ಕ್ವಿಬೆಕ್‌ನಲ್ಲಿ ಬರೀ ಸಿವಿಲ್ ಲಾ ಓದಿದವರಿಗೆ ಮಾತ್ರ ಈ ದಾರಿ ಇಲ್ಲ, ಯಾಕೆಂದರೆ ಅದು ಫ್ರೆಂಚ್ ಮೂಲದ ಪದ್ಧತಿ. ಮಾಂಟ್ರಿಯಲ್‌ನ ಮೆಕ್‌ಗಿಲ್ ಎರಡೂ ಪದ್ಧತಿಗಳನ್ನು ಒಟ್ಟಿಗೆ ಕಲಿಸಿ ಎರಡು ಪದವಿ ಕೊಡುತ್ತದೆ, ಅಲ್ಲಿ ಓದಿದವರಿಗೆ ತೊಂದರೆ ಇಲ್ಲ.

ಪರೀಕ್ಷೆ ವರ್ಷಕ್ಕೆ ಎರಡು ಸಲ, ಫೆಬ್ರವರಿ ಮತ್ತು ಜುಲೈನಲ್ಲಿ ನಡೆಯುತ್ತದೆ. ಈಗಿನ ಪರೀಕ್ಷೆ ಒಟ್ಟು 400 ಅಂಕದ್ದು, ನ್ಯೂಯಾರ್ಕಿನಲ್ಲಿ ಪಾಸಾಗಲು 266 ಬೇಕು. ಜೊತೆಗೆ ವೃತ್ತಿ ನಡತೆಯ ಬಗ್ಗೆ ಒಂದು ಬೇರೆ ಪರೀಕ್ಷೆ, ನ್ಯೂಯಾರ್ಕ್ ಕಾನೂನಿನ ಮೇಲೆ ಒಂದು ಆನ್‌ಲೈನ್ ಕೋರ್ಸು, 50 ಗಂಟೆ ಉಚಿತ ಕಾನೂನು ಸೇವೆ, ಇಷ್ಟೂ ಆಗಬೇಕು. ಹೊರದೇಶದಲ್ಲಿ ಓದಿದವರು ತಮ್ಮ ದಾಖಲೆಗಳನ್ನು ಮೊದಲು ಪರಿಶೀಲನೆಗೆ ಕಳಿಸಬೇಕು. ಇದಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತದೆ, ಪರೀಕ್ಷೆ ಹತ್ತಿರ ಬಂದಾಗ ನೋಡಿಕೊಂಡರಾಯಿತು ಅಂತ ಕೂರಬೇಡಿ. ಇನ್ನೊಂದು ಮಾತು: ಹೊರಗೆ ಓದಿದವರ ಪಾಸ್ ಪ್ರಮಾಣ ಅಮೆರಿಕದಲ್ಲಿ ಓದಿದವರಿಗಿಂತ ಸ್ಪಷ್ಟವಾಗಿ ಕಡಿಮೆ. ಕೂರಲು ಅವಕಾಶ ಇದೆ ಅಂದಮಾತ್ರಕ್ಕೆ ಪರೀಕ್ಷೆ ಸುಲಭ ಅಂತಲ್ಲ.

ಇಲ್ಲೊಂದು ಗುಂಡಿ ಇದೆ, ತುಂಬಾ ಜನ ಬೀಳುವುದು ಇದರಲ್ಲೇ. ನ್ಯೂಯಾರ್ಕಿನ ಈ ಪರೀಕ್ಷೆಯ ಅಂಕವನ್ನು ಬೇರೆ ರಾಜ್ಯಗಳಿಗೂ ಒಯ್ಯಬಹುದು ಅಂತ ಎಲ್ಲರೂ ಹೇಳುತ್ತಾರೆ. ನಿಜ, ಆದರೆ ಅದು ಅಮೆರಿಕದಲ್ಲಿ ಓದಿದವರಿಗೆ. ಬಹುತೇಕ ರಾಜ್ಯಗಳು ಅಮೆರಿಕನ್ ಬಾರ್ ಅಸೋಸಿಯೇಷನ್, ಅಂದರೆ ಎಬಿಎ, ಮಾನ್ಯ ಮಾಡಿದ ಶಾಲೆಯ ಪದವಿಯನ್ನೇ ಕೇಳುತ್ತವೆ. ಹಾಗಾಗಿ ನ್ಯೂಯಾರ್ಕಿನಲ್ಲಿ ಪಾಸಾದ ಕೆನಡಾ ಪದವೀಧರ ಹಡ್ಸನ್ ನದಿ ದಾಟಿ ನ್ಯೂಜೆರ್ಸಿಗೆ ಹೋದರೂ ಅವನ ಅಂಕ ಅಲ್ಲಿ ನಡೆಯುತ್ತದೆ ಅಂತ ನಂಬಿಕೊಳ್ಳುವ ಹಾಗಿಲ್ಲ. ಕ್ಯಾಲಿಫೋರ್ನಿಯಾದ ಲೆಕ್ಕವೇ ಬೇರೆ. ಅದು ತನ್ನದೇ ಪರೀಕ್ಷೆ ನಡೆಸುತ್ತದೆ, ಆದರೆ ಬೇರೆ ದೇಶದಲ್ಲಿ ಈಗಾಗಲೇ ವಕೀಲರಾಗಿ ನೋಂದಣಿ ಆದವರನ್ನು ನೇರವಾಗಿ ಕೂರಲು ಬಿಡುತ್ತದೆ. ಅಂದರೆ ಮೊದಲು ಟೊರಾಂಟೊ ಇರುವ ಒಂಟಾರಿಯೊ ಪ್ರಾಂತ್ಯದಲ್ಲಿ ವಕೀಲರಾಗಿ, ಆಮೇಲೆ ಕ್ಯಾಲಿಫೋರ್ನಿಯಾ. ಸಿಲಿಕಾನ್ ವ್ಯಾಲಿಯ ಕಂಪನಿಗಳ ಕೆಲಸದ ಮೇಲೆ ಕಣ್ಣಿಟ್ಟವರು ಇದನ್ನು ನೆನಪಿಟ್ಟುಕೊಳ್ಳಿ. 2025ರ ಫೆಬ್ರವರಿಯಲ್ಲಿ ಅವರು ಹೊಸ ಮಾದರಿಯಲ್ಲಿ ಪರೀಕ್ಷೆ ನಡೆಸಲು ಹೋಗಿ ಕಂಪ್ಯೂಟರ್‌ಗಳು ಕೈಕೊಟ್ಟು ದೊಡ್ಡ ರಾದ್ಧಾಂತ ಆಗಿತ್ತು, ಅದು ಬೇರೆ ಕಥೆ.

ಒಟ್ಟಿನಲ್ಲಿ ಕೆನಡಾ ಜೆಡಿ ಹಿಡಿದು ಅಮೆರಿಕಕ್ಕೆ ಅಂದರೆ ಮುಖ್ಯವಾಗಿ ನ್ಯೂಯಾರ್ಕಿಗೆ ಅಂತಲೇ ಅರ್ಥ. ಟೆಕ್ಸಾಸ್‌ನ ಸಣ್ಣ ಊರಲ್ಲಿ ಕೋರ್ಟಿಗೆ ಹೋಗಬೇಕು, ಪ್ರಾಸಿಕ್ಯೂಟರ್ ಆಗಬೇಕು ಅನ್ನುವ ಆಸೆ ಇದ್ದರೆ ಅಮೆರಿಕದಲ್ಲೇ ಓದಿ. ಅಲ್ಲಿಯ ಮಾನ್ಯತೆ ಇರುವ ಜೆಡಿ 50 ರಾಜ್ಯಗಳಲ್ಲೂ ಪರೀಕ್ಷೆಗೆ ಕೂರಿಸುತ್ತದೆ. ಈ ವಿಷಯದಲ್ಲಿ ಅದಕ್ಕೆ ಸಾಟಿ ಇಲ್ಲ.

ಅಮೆರಿಕದಿಂದ ಮೇಲೆ ಬರುವ ದಾರಿ

ಅಮೆರಿಕದ ಜೆಡಿ ಹಿಡಿದು ಒಂಟಾರಿಯೊಗೆ ಬಂದರೆ ನೇರವಾಗಿ ಬಾರ್ ಪರೀಕ್ಷೆಗೆ ಕೂರಿಸುವುದಿಲ್ಲ. ಹಾರ್ವರ್ಡ್‌ನಲ್ಲಿ ಓದಿದ್ದರೂ ಅಷ್ಟೇ. ಮೊದಲು ಎನ್‌ಸಿಎ ಅನ್ನುವ ರಾಷ್ಟ್ರೀಯ ಸಮಿತಿಗೆ ಅರ್ಜಿ ಹಾಕಬೇಕು. ಅವರು ನಿಮ್ಮ ಅಂಕಪಟ್ಟಿ ನೋಡಿ ಯಾವ ಯಾವ ವಿಷಯ ಬರೆಯಬೇಕು ಅಂತ ಹೇಳುತ್ತಾರೆ. ಕೆನಡಾದ ಸಂವಿಧಾನ, ಆಡಳಿತ ಕಾನೂನು, ಅಪರಾಧ ಕಾನೂನು, ಕೆನಡಾ ಕಾನೂನಿನ ಬುನಾದಿ, ವಕೀಲರ ವೃತ್ತಿ ಹೊಣೆ, ಈ ಐದು ಮೂಲ ವಿಷಯಗಳು. ಅಮೆರಿಕದ ಶಾಲೆಯಲ್ಲಿ ಕೆನಡಾದ ಸಂವಿಧಾನ ಯಾರು ಕಲಿಸುತ್ತಾರೆ ಹೇಳಿ? ಹಾಗಾಗಿ ಇವನ್ನು ಮತ್ತೆ ಕೂತು ಓದಲೇಬೇಕು. 2022ರಿಂದ ಕಾನೂನು ಸಂಶೋಧನೆ ಮತ್ತು ಬರವಣಿಗೆಯ ಒಂದು ಕೋರ್ಸನ್ನೂ ಸೇರಿಸಿದ್ದಾರೆ.

ಅದೆಲ್ಲ ಮುಗಿದ ಮೇಲೆ ಆರ್ಟಿಕ್ಲಿಂಗ್. ಅಂದರೆ ನೋಂದಾಯಿತ ವಕೀಲರ ಕೈಕೆಳಗೆ ತಿಂಗಳುಗಟ್ಟಲೆ ತರಬೇತಿ. ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ಇಂಥದ್ದು ಇಲ್ಲ, ಪರೀಕ್ಷೆ ಪಾಸಾದರೆ ನೀವು ವಕೀಲರು. ಕೆನಡಾದಲ್ಲಿ ಓದಿದವರೂ ಆರ್ಟಿಕ್ಲಿಂಗ್ ಮಾಡಬೇಕು, ಆದರೆ ಅವರಿಗೆ ಎರಡನೇ ವರ್ಷದಲ್ಲೇ ವಕೀಲರ ಸಂಸ್ಥೆಗಳು ಬೇಸಿಗೆ ಕೆಲಸಕ್ಕೆ ಆಯ್ಕೆ ಮಾಡಿಕೊಂಡು, ಆಮೇಲೆ ಅಲ್ಲೇ ಆರ್ಟಿಕ್ಲಿಂಗ್‌ಗೂ ಇಟ್ಟುಕೊಳ್ಳುತ್ತವೆ. ಹೊರಗಿನಿಂದ ಬಂದವರು ಆ ಸಾಲಿನಲ್ಲೇ ಇರುವುದಿಲ್ಲ. ಪರೀಕ್ಷೆಗಿಂತ ಇದು ಕಷ್ಟ. ಎನ್‌ಸಿಎ ಮುಗಿಸಿ ಆರ್ಟಿಕ್ಲಿಂಗ್ ಜಾಗಕ್ಕಾಗಿ ಅಲೆಯುವವರು ಟೊರಾಂಟೊದಲ್ಲಿ ಬೇಕಾದಷ್ಟು ಜನ ಇದ್ದಾರೆ. ಇದಕ್ಕೆ ಬದಲಿಯಾಗಿ ಟೊರಾಂಟೊ ಮೆಟ್ರೊಪಾಲಿಟನ್ ವಿಶ್ವವಿದ್ಯಾಲಯದಲ್ಲಿ ಒಂದು ತರಬೇತಿ ಕಾರ್ಯಕ್ರಮ ಇದೆ. ಇನ್ನು ಥಂಡರ್ ಬೇಯ ಲೇಕ್‌ಹೆಡ್‌ನಂಥ ಶಾಲೆಗಳಲ್ಲಿ ಜೆಡಿಯ ಒಳಗೇ ತರಬೇತಿ ಸೇರಿಸಿರುವುದರಿಂದ ಅಲ್ಲಿ ಓದಿದವರಿಗೆ ಆರ್ಟಿಕ್ಲಿಂಗ್ ಬೇಕಿಲ್ಲ.

ಒಂದು ಸಮಾಧಾನದ ಸಂಗತಿ ಇದೆ. ಒಮ್ಮೆ ಒಂಟಾರಿಯೊದಲ್ಲಿ ಲೈಸೆನ್ಸ್ ಸಿಕ್ಕರೆ ಆಲ್ಬರ್ಟಾಕ್ಕೋ ಬ್ರಿಟಿಷ್ ಕೊಲಂಬಿಯಾಕ್ಕೋ ಹೋಗಲು ಮತ್ತೆ ಬಾರ್ ಪರೀಕ್ಷೆ ಬರೆಯಬೇಕಿಲ್ಲ, ಪ್ರಾಂತ್ಯಗಳ ನಡುವೆ ಒಪ್ಪಂದ ಇದೆ. ಅಮೆರಿಕದ ರಾಜ್ಯಗಳ ನಡುವೆ ಇಷ್ಟು ಸರಾಗ ಇಲ್ಲ.

ಪಾಸ್‌ಪೋರ್ಟ್ ಯಾವುದು?

ಎಲ್ಲಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಇದು. ಶಾಲೆಗಳ ಪಟ್ಟಿ ಮಾಡುವ ಮುಂಚೆ ಇದನ್ನು ಬಗೆಹರಿಸಿಕೊಳ್ಳಿ.

ಅಮೆರಿಕ, ಕೆನಡಾ, ಮೆಕ್ಸಿಕೊ ನಡುವಿನ ವ್ಯಾಪಾರ ಒಪ್ಪಂದದಲ್ಲಿ (ಮೊದಲು ನಾಫ್ಟಾ, 2020ರ ಜುಲೈನಿಂದ ಹೊಸ ಒಪ್ಪಂದ) ಕೆಲವು ವೃತ್ತಿಗಳ ಪಟ್ಟಿ ಇದೆ, ಅದರಲ್ಲಿ ವಕೀಲರೂ ಇದ್ದಾರೆ. ಈ ಪಟ್ಟಿಯ ಮೇಲೆ ಅಮೆರಿಕದಲ್ಲಿ ಕೆಲಸ ಮಾಡಲು ಸಿಗುವ ಅನುಮತಿಯೇ ಟಿಎನ್. ಕೆನಡಾ ಪ್ರಜೆಗೆ ನ್ಯೂಯಾರ್ಕಿನ ಸಂಸ್ಥೆಯಿಂದ ಕೆಲಸದ ಪತ್ರ ಸಿಕ್ಕರೆ, ಆ ಪತ್ರ ಮತ್ತು ಪದವಿ ಹಿಡಿದು ಗಡಿಯಲ್ಲೋ ಟೊರಾಂಟೊದ ಪಿಯರ್ಸನ್ ವಿಮಾನ ನಿಲ್ದಾಣದಲ್ಲೋ ಅಮೆರಿಕದ ಅಧಿಕಾರಿಯ ಮುಂದೆ ನಿಂತರೆ ಅಲ್ಲೇ ಟಿಎನ್ ಕೊಡುತ್ತಾರೆ. ಲಾಟರಿ ಇಲ್ಲ. ಒಂದು ಸಲಕ್ಕೆ ಮೂರು ವರ್ಷದವರೆಗೆ, ಆಮೇಲೆ ಮತ್ತೆ ಮತ್ತೆ ಮುಂದುವರಿಸಬಹುದು. ಗಂಡ ಅಥವಾ ಹೆಂಡತಿ ಜೊತೆಗೆ ಹೋಗಬಹುದು, ಆದರೆ ಆ ವೀಸಾದ ಮೇಲೆ ಅವರು ಕೆಲಸ ಮಾಡುವಂತಿಲ್ಲ.

ಇದು ಪ್ರಜೆಗಳಿಗೆ ಮಾತ್ರ. ಕೆನಡಾದ ಪಿಆರ್, ಅಂದರೆ ಕಾಯಂ ವಾಸದ ಹಕ್ಕು, ಇದ್ದರೆ ಸಾಲದು. ಪಿಆರ್ ಕಾರ್ಡ್ ಕೈಗೆ ಬಂದಮೇಲೆ ಅಮೆರಿಕವೂ ತೆರೆದಂತೆ ಅಂದುಕೊಂಡವರನ್ನು ತುಂಬಾ ನೋಡಿದ್ದೇನೆ, ಹಾಗೇನೂ ಇಲ್ಲ. ಭಾರತದ ಪಾಸ್‌ಪೋರ್ಟ್ ಮೇಲೆ ಇರುವವರೆಗೆ ನಿಮಗೆ ಅಮೆರಿಕದಲ್ಲಿ ಕೆಲಸಕ್ಕೆ ಇರುವ ಮುಖ್ಯ ದಾರಿ ಎಚ್-1ಬಿ, ಅದಕ್ಕೆ ಲಾಟರಿ. 2025ರ ಸೆಪ್ಟೆಂಬರ್‌ನಲ್ಲಂತೂ ಹೊರದೇಶದಲ್ಲಿರುವವರಿಗಾಗಿ ಹಾಕುವ ಹೊಸ ಎಚ್-1ಬಿ ಅರ್ಜಿಗಳಿಗೆ ಒಂದು ಲಕ್ಷ ಡಾಲರ್ ಕಟ್ಟಬೇಕೆಂದು ಆದೇಶ ಹೊರಡಿಸಿದರು. ಟೊರಾಂಟೊದಲ್ಲಿ ಕೂತಿರುವ ಭಾರತೀಯ ಪ್ರಜೆಯೊಬ್ಬರಿಗಾಗಿ ಯಾವ ಸಂಸ್ಥೆ ಅಷ್ಟು ಕಟ್ಟುತ್ತದೆ? ಕೆನಡಾ ಪೌರತ್ವಕ್ಕೆ ಐದು ವರ್ಷದಲ್ಲಿ 1,095 ದಿನ ಅಲ್ಲಿ ಇದ್ದಿರಬೇಕು. ಜೆಡಿಯ ಮೂರು ವರ್ಷ, ಆಮೇಲೆ ಆರ್ಟಿಕ್ಲಿಂಗ್, ಇಷ್ಟರಲ್ಲಿ ಅದು ಕೂಡಿಬರಬಹುದು. ಹಾಗೆ ಲೆಕ್ಕ ಹಾಕಿದರೆ ಪಿಆರ್ ಇರುವವರಿಗೂ ಕೆನಡಾದ ಶಾಲೆಯೇ ಹೆಚ್ಚು ಒಗ್ಗುತ್ತದೆ.

ಪೌರತ್ವ ತೆಗೆದುಕೊಂಡರೆ ಭಾರತದ್ದನ್ನು ಬಿಡಬೇಕು, ಗೊತ್ತಿರುವುದೇ. ಆದರೆ ಭಾರತದ ಅಡ್ವೊಕೇಟ್ಸ್ ಕಾಯ್ದೆಯ ಪ್ರಕಾರ ಅಲ್ಲಿ ವಕೀಲರಾಗಿ ನೋಂದಣಿ ಆಗಲು ಸಾಮಾನ್ಯವಾಗಿ ಭಾರತದ ಪ್ರಜೆಯೇ ಆಗಿರಬೇಕು. ಒಂದು ದಿನ ಬೆಂಗಳೂರಿಗೆ ಹೋಗಿ ಹೈಕೋರ್ಟಿನಲ್ಲಿ ಪ್ರಾಕ್ಟೀಸ್ ಮಾಡುತ್ತೇನೆ ಅನ್ನುವ ಆಲೋಚನೆ ಇದ್ದವರು ಈ ಮಾತನ್ನು ಮನೆಯಲ್ಲಿ ಕೂತು ಮಾತಾಡಿಕೊಳ್ಳಿ.

ಹಸಿರು ಕಾರ್ಡಿನ ವಿಷಯದಲ್ಲಿ ಇನ್ನೊಂದು ಸಿಕ್ಕು. ಅಮೆರಿಕದ ಗ್ರೀನ್ ಕಾರ್ಡ್ ಸಾಲು ನೋಡುವುದು ಹುಟ್ಟಿದ ದೇಶವನ್ನು, ಪಾಸ್‌ಪೋರ್ಟನ್ನಲ್ಲ. ಮೈಸೂರಿನಲ್ಲಿ ಹುಟ್ಟಿ ಎರಡು ವರ್ಷದ ಮಗುವಾಗಿದ್ದಾಗ ಕೆನಡಾಕ್ಕೆ ಬಂದ ಹುಡುಗಿಗೆ ಕೆನಡಾ ಪಾಸ್‌ಪೋರ್ಟ್ ಇದ್ದರೂ ಅವಳು ನಿಲ್ಲುವುದು ಭಾರತದ ಉದ್ದದ ಸಾಲಿನಲ್ಲೇ. ಮಿಸಿಸಾಗಾದಲ್ಲಿ ಹುಟ್ಟಿದ ಅವಳ ತಮ್ಮನಿಗೆ ಆ ತೊಂದರೆ ಇಲ್ಲ. ಟಿಎನ್ ಮಾತ್ರ ಇಬ್ಬರಿಗೂ ಒಂದೇ.

ಅಮೆರಿಕದಲ್ಲಿ ಓದಿದ ಹೊರದೇಶದವರು ಓದು ಮುಗಿದ ಮೇಲೆ ಒಪಿಟಿ ಅನ್ನುವ ತಾತ್ಕಾಲಿಕ ಅನುಮತಿಯ ಅಡಿಯಲ್ಲಿ 12 ತಿಂಗಳು ಕೆಲಸ ಮಾಡಬಹುದು. ಎಂಜಿನಿಯರಿಂಗ್‌ನವರಿಗೆ ಸಿಗುವ ಹೆಚ್ಚಿನ 24 ತಿಂಗಳು ಕಾನೂನಿನವರಿಗೆ ಇಲ್ಲ. ಆ ಒಂದು ವರ್ಷದಲ್ಲಿ ಬಾರ್ ಪರೀಕ್ಷೆ, ಫಲಿತಾಂಶ, ಎಚ್-1ಬಿ ಲಾಟರಿ ಎಲ್ಲ ಆಗಬೇಕು. ಕೆನಡಾದಲ್ಲಿ ಮೂರು ವರ್ಷದ ಜೆಡಿ ಮುಗಿಸಿದವರಿಗೆ ಮೂರು ವರ್ಷದವರೆಗೆ ಕೆಲಸದ ಪರವಾನಗಿ ಸಿಗುತ್ತದೆ. ಉಸಿರಾಡಲು ಜಾಗ ಇದೆ.

ದುಡ್ಡಿನ ವಿಷಯ

ಅಮೆರಿಕದ ದೊಡ್ಡ ಖಾಸಗಿ ಶಾಲೆಗಳಲ್ಲಿ ಬರೀ ಫೀಸು ವರ್ಷಕ್ಕೆ 80,000 ಅಮೆರಿಕನ್ ಡಾಲರ್ ಆಸುಪಾಸು. ನ್ಯೂಯಾರ್ಕ್, ಬಾಸ್ಟನ್‌ನಂಥ ಊರಲ್ಲಿ ಬಾಡಿಗೆ ಊಟ ಸೇರಿದರೆ ಒಂದು ಲಕ್ಷ ದಾಟಿ ಎಲ್ಲೋ ಹೋಗುತ್ತದೆ. ಟೊರಾಂಟೊ ವಿಶ್ವವಿದ್ಯಾಲಯದ ಜೆಡಿ ಕೆನಡಾದಲ್ಲಿ ದುಬಾರಿ ಅನ್ನಿಸಿಕೊಂಡದ್ದು, ಅಲ್ಲೂ ಕೆನಡಾದವರಿಗೆ ವರ್ಷಕ್ಕೆ 30,000 ಕೆನಡಿಯನ್ ಡಾಲರ್‌ಗಿಂತ ಸ್ವಲ್ಪ ಜಾಸ್ತಿ. ವ್ಯಾಂಕೂವರ್‌ನ ಯುಬಿಸಿಯಲ್ಲಿ (ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯ) ಅದರ ಅರ್ಧಕ್ಕಿಂತ ಕಡಿಮೆ. ಕ್ವಿಬೆಕ್ ನಿವಾಸಿಗಳಿಗೆ ಮೆಕ್‌ಗಿಲ್ ಇನ್ನೂ ಅಗ್ಗ, ಕೆಲವೇ ಸಾವಿರ. ಇವೆಲ್ಲ ಕೆನಡಾ ಪ್ರಜೆಗಳಿಗೆ ಮತ್ತು ಪಿಆರ್ ಇರುವವರಿಗೆ. ಸ್ಟೂಡೆಂಟ್ ವೀಸಾದಲ್ಲಿ ಬರುವವರಿಗೆ ಫೀಸು ಬಹಳ ಹೆಚ್ಚು.

ಅಮೆರಿಕದ ಪ್ರಜೆಗಳಿಗೂ ಗ್ರೀನ್ ಕಾರ್ಡ್ ಇರುವವರಿಗೂ ಒಂದು ಬದಲಾವಣೆ ಆಗಿದೆ. ಖರ್ಚಿನಷ್ಟೂ ಸಾಲ ಕೊಡುತ್ತಿದ್ದ ಸರ್ಕಾರದ ಗ್ರ್ಯಾಡ್ ಪ್ಲಸ್ ಯೋಜನೆಯನ್ನು 2026ರ ಜುಲೈ 1ರಿಂದ ಹೊಸಬರಿಗೆ ನಿಲ್ಲಿಸುವ ಕಾನೂನು 2025ರಲ್ಲಿ ಬಂತು. ಕಾನೂನಿನಂಥ ವೃತ್ತಿ ಪದವಿಗಳಿಗೆ ವರ್ಷಕ್ಕೆ 50,000, ಒಟ್ಟು 2,00,000 ಡಾಲರ್ ಮಿತಿ. ಉಳಿದದ್ದಕ್ಕೆ ಖಾಸಗಿ ಸಾಲವೇ ಗತಿ. ಕೆನಡಾದವರಿಗೆ ಈ ಸರ್ಕಾರಿ ಸಾಲ ಮೊದಲಿನಿಂದಲೂ ಇಲ್ಲ, ಅವರು ತಮ್ಮ ದೇಶದ ಬ್ಯಾಂಕುಗಳಿಂದ ಲೈನ್ ಆಫ್ ಕ್ರೆಡಿಟ್ (ಒಂದು ಮಿತಿಯೊಳಗೆ ಬೇಕಾದಾಗ ತೆಗೆಯುವ ಸಾಲ) ತೆಗೆದುಕೊಳ್ಳುತ್ತಾರೆ.

ಸಂಬಳದಲ್ಲಿ ಅಮೆರಿಕ ಗೆಲ್ಲುತ್ತದೆ, ಅದರಲ್ಲಿ ಅನುಮಾನ ಇಲ್ಲ. ನ್ಯೂಯಾರ್ಕಿನ ದೊಡ್ಡ ಸಂಸ್ಥೆಗಳಲ್ಲಿ 2023ರ ಕೊನೆಯಿಂದ ಮೊದಲ ವರ್ಷದ ವಕೀಲರಿಗೆ 2,25,000 ಅಮೆರಿಕನ್ ಡಾಲರ್, ಮೇಲೆ ಬೋನಸ್. ದೊಡ್ಡ ಸಂಸ್ಥೆಗಳಿರುವ ಟೊರಾಂಟೊದ ಬೇ ಸ್ಟ್ರೀಟ್‌ನಲ್ಲಿ ಕೆಲವೇ ವರ್ಷದ ಹಿಂದೆ 1,30,000 ಕೆನಡಿಯನ್ ಡಾಲರ್ ಆದಾಗ ಅದೇ ದೊಡ್ಡ ಸುದ್ದಿ ಆಗಿತ್ತು. ಆದರೆ ಅಮೆರಿಕದ ಹೊಸ ವಕೀಲರ ಸಂಬಳದ ನಕ್ಷೆ ನೋಡಿದರೆ ಅದಕ್ಕೆ ಒಂಟೆಯ ಹಾಗೆ ಎರಡು ಡುಬ್ಬ. ಒಂದು ಈ ದೊಡ್ಡ ಸಂಬಳದವರದು, ಇನ್ನೊಂದು ಅದರ ಮೂರನೇ ಒಂದು ಭಾಗದ ಹತ್ತಿರ ಇರುವ ಉಳಿದವರದು, ನಡುವೆ ಇರುವವರು ಕಡಿಮೆ. ಎಬಿಎ ಮಾನ್ಯತೆ ಇರುವ ಸುಮಾರು 200 ಶಾಲೆಗಳಲ್ಲಿ ಮೇಲಿನ ಡುಬ್ಬಕ್ಕೆ ಸಲೀಸಾಗಿ ಏರಿಸುವುದು ಒಂದು ಹತ್ತು ಹದಿನೈದು. ಉಳಿದ ಕಡೆ ಕ್ಲಾಸಿನ ಮೊದಲ ಸಾಲಿನವರಿಗೆ ಮಾತ್ರ. ಹಾಗಾಗಿ ಮಧ್ಯಮ ದರ್ಜೆಯ ಅಮೆರಿಕನ್ ಶಾಲೆಗೆ ಪೂರ್ತಿ ಫೀಸು ಕಟ್ಟಿ ಹೋಗುವ ಕೆನಡಾದವರನ್ನು ನೋಡಿದರೆ ನನಗೆ ಕೈಹಿಡಿದು ನಿಲ್ಲಿಸಬೇಕು ಅನ್ನಿಸುತ್ತದೆ. ಕೆನಡಾದಲ್ಲಿ ಲಾ ಶಾಲೆಗಳು ಹೆಚ್ಚುಕಮ್ಮಿ ಎರಡು ಡಜನ್. ಒಂದಕ್ಕೂ ಇನ್ನೊಂದಕ್ಕೂ ಅಂಥ ಅಜಗಜಾಂತರ ಇಲ್ಲ.

ಆದರೆ ನ್ಯೂಯಾರ್ಕಿನ ಸಂಸ್ಥೆಗಳು ಬಂದು ಹುಡುಗರನ್ನು ಆರಿಸುವುದು ಕೆನಡಾದ ಎಲ್ಲ ಶಾಲೆಗಳಿಂದ ಅಲ್ಲ. ಟೊರಾಂಟೊ, ಮೆಕ್‌ಗಿಲ್, ಯಾರ್ಕ್ ವಿಶ್ವವಿದ್ಯಾಲಯದ ಆಸ್ಗುಡ್ ಹಾಲ್, ಇಂಥ ಕೆಲವು ಕಡೆ ಹೆಚ್ಚು ಬರುತ್ತಾರೆ. ಅಲ್ಲೂ ಮೊದಲ ವರ್ಷದ ಅಂಕವೇ ಎಲ್ಲ.

ಗಡಿಯಾಚೆಗಿನ ಕೆಲಸ ಅಂದರೆ ಯಾವ ಕೆಲಸ?

ಇದನ್ನು ಜನ ಯೋಚಿಸುವುದೇ ಕಡಿಮೆ. ಕ್ರಿಮಿನಲ್ ಕೇಸು, ವಿಚ್ಛೇದನ, ಇವು ಸ್ಥಳೀಯ ಕೆಲಸಗಳು, ಎರಡು ಲೈಸೆನ್ಸ್ ಇದ್ದರೂ ಅಷ್ಟೇನೂ ಪ್ರಯೋಜನ ಇಲ್ಲ. ಬೆಲೆ ಬರುವುದು ಶೇರು ಮಾರುಕಟ್ಟೆ, ತೆರಿಗೆ, ವಲಸೆ, ಇಂಥ ಕಡೆ.

ಶೇರು ಮಾರುಕಟ್ಟೆಯದ್ದೇ ನೋಡಿ. 1991ರಿಂದ ಎರಡು ದೇಶಗಳ ನಡುವೆ ಒಂದು ವ್ಯವಸ್ಥೆ ಇದೆ. ಕೆನಡಾದ ದೊಡ್ಡ ಕಂಪನಿಗಳು ಅಮೆರಿಕದಲ್ಲಿ ಬಂಡವಾಳ ಎತ್ತುವಾಗ ಬಹುಮಟ್ಟಿಗೆ ಕೆನಡಾದ ನಿಯಮದ ಪ್ರಕಾರ ತಯಾರಿಸಿದ ದಾಖಲೆಯನ್ನೇ ಅಲ್ಲೂ ಸಲ್ಲಿಸಬಹುದು. ಗಣಿ, ತೈಲ, ಬ್ಯಾಂಕು ಕಂಪನಿಗಳೆಲ್ಲ ಇದನ್ನು ಬಳಸುತ್ತವೆ. ಇದಕ್ಕಾಗಿಯೇ ಸ್ಕ್ಯಾಡನ್, ಪಾಲ್ ವೈಸ್‌ನಂಥ ನ್ಯೂಯಾರ್ಕಿನ ಸಂಸ್ಥೆಗಳು ಟೊರಾಂಟೊದಲ್ಲಿ ಆಫೀಸು ಇಟ್ಟಿವೆ, ಅಲ್ಲಿ ಮಾಡುವುದು ಅಮೆರಿಕದ ಕಾನೂನಿನ ಕೆಲಸ. ಇನ್ನೊಂದು ಕಡೆ ಟೋರೀಸ್, ಡೇವೀಸ್‌ನಂಥ ಕೆನಡಾದ ಸಂಸ್ಥೆಗಳು ನ್ಯೂಯಾರ್ಕಿನಲ್ಲಿ ಆಫೀಸು ಇಟ್ಟಿವೆ. ಟೊರಾಂಟೊದಲ್ಲಿ ಮನೆ, ಕೈಯಲ್ಲಿ ನ್ಯೂಯಾರ್ಕ್ ಲೈಸೆನ್ಸ್, ಇಂಥ ಜೀವನ ಬೇಕೆನ್ನುವವರು ಈ ಆಫೀಸುಗಳ ವಕೀಲರು ಎಲ್ಲಿ ಓದಿದವರು ಅಂತ ಅವರ ವೆಬ್‌ಸೈಟ್‌ನಲ್ಲೇ ನೋಡಿ. ಯಾವ ರ‍್ಯಾಂಕಿಂಗ್ ಪಟ್ಟಿಗಿಂತಲೂ ಅದು ಹೆಚ್ಚು ಹೇಳುತ್ತದೆ.

ವಲಸೆ ಕಾನೂನು ನಮ್ಮವರಿಗೆ ಹತ್ತಿರದ್ದು. ಅಮೆರಿಕದಲ್ಲಿ ಅದು ಕೇಂದ್ರ ಸರ್ಕಾರದ ವಿಷಯ, ಯಾವುದಾದರೂ ಒಂದು ರಾಜ್ಯದ ಲೈಸೆನ್ಸ್ ಇದ್ದರೆ ಇಡೀ ದೇಶದ ವಲಸೆ ಕೇಸು ನಡೆಸಬಹುದು. ಹಾಗಾಗಿ ಒಂಟಾರಿಯೊ ಮತ್ತು ನ್ಯೂಯಾರ್ಕ್ ಎರಡರ ಲೈಸೆನ್ಸ್ ಇರುವವರು ಒಂದೇ ಕುಟುಂಬದ ಕೆನಡಾ ಪಿಆರ್ ಅರ್ಜಿಯನ್ನೂ ಟಿಎನ್ ಅರ್ಜಿಯನ್ನೂ ನೋಡಿಕೊಳ್ಳಬಹುದು. ದೊಡ್ಡ ಸಂಸ್ಥೆಯ ಹಂಗಿಲ್ಲದೆ ಸ್ವಂತ ಪ್ರಾಕ್ಟೀಸ್ ಕಟ್ಟಲು ಇದು ಒಳ್ಳೆ ದಾರಿ, ಇದಕ್ಕೆ ದುಬಾರಿ ಶಾಲೆಯೂ ಬೇಕಿಲ್ಲ.

ಎರಡೂ ಒಟ್ಟಿಗೆ ಬೇಕೆನ್ನುವವರಿಗೆ ವಿಂಡ್ಸರ್ ವಿಶ್ವವಿದ್ಯಾಲಯ ಮತ್ತು ಡೆಟ್ರಾಯ್ಟ್ ಮರ್ಸಿ ಸೇರಿ ನಡೆಸುವ ಜೋಡಿ ಜೆಡಿ ಇದೆ. ನದಿಯ ಆಚೆ ಈಚೆ ಇರುವ ಎರಡು ಊರು, ಮೂರೇ ವರ್ಷ, ಎರಡೂ ದೇಶದಲ್ಲಿ ಮಾನ್ಯತೆ ಇರುವ ಪದವಿ. ಎನ್‌ಸಿಎ ಬೇಡ, ಅಮೆರಿಕದ ಯಾವ ರಾಜ್ಯಕ್ಕೂ ಹೋಗಬಹುದು. ಕೇಳಲು ಇದೇ ಸರಿಯಾದ ಉತ್ತರ ಅನ್ನಿಸುತ್ತದೆ ಅಲ್ವಾ? ಆದರೆ ಬರೀ ವಿಂಡ್ಸರ್ ಜೆಡಿಗಿಂತ ಖರ್ಚು ಬಹಳ ಜಾಸ್ತಿ. ನ್ಯೂಯಾರ್ಕ್ ಒಂದೇ ಸಾಕು ಅನ್ನುವವರಿಗೆ ಬರೀ ಕೆನಡಾ ಜೆಡಿಯಿಂದಲೇ ಆ ಬಾಗಿಲು ತೆರೆಯುತ್ತದೆ. ಮಿಶಿಗನ್, ಒಹಾಯೊ ಕಡೆ, ಅಂದರೆ ವಾಹನ ತಯಾರಿಕೆ ಮತ್ತು ಗಡಿ ವ್ಯಾಪಾರದ ಕೆಲಸದಲ್ಲಿ ಆಸಕ್ತಿ ಇದ್ದರೆ ಮಾತ್ರ ನಾನು ಇದನ್ನು ಹೇಳುತ್ತೇನೆ.

ಭಾರತದಲ್ಲಿ ಈಗಾಗಲೇ ಲಾ ಓದಿದ್ದರೆ

ನಾಗರಭಾವಿಯ ನ್ಯಾಷನಲ್ ಲಾ ಸ್ಕೂಲಿನಲ್ಲೋ ಬೇರೆಲ್ಲೋ ಐದು ವರ್ಷ ಓದಿದವರು ಮತ್ತೆ ಮೂರು ವರ್ಷ ಜೆಡಿ ಮಾಡುವುದು ನನಗೆ ಸರಿ ಕಾಣುವುದಿಲ್ಲ. ನ್ಯೂಯಾರ್ಕ್ ಭಾರತವನ್ನೂ ಕಾಮನ್ ಲಾ ದೇಶವೆಂದೇ ನೋಡುತ್ತದೆ, ಪ್ರತಿಯೊಬ್ಬರ ಪದವಿಯನ್ನು ಬೇರೆಬೇರೆಯಾಗಿ ಪರಿಶೀಲಿಸಿ ಹೇಳುತ್ತದೆ. ಅಲ್ಲಿ ಕೊರತೆ ಅಂದರೆ ಒಂದು ವರ್ಷದ ಎಲ್‌ಎಲ್‌ಎಂ, ಕನಿಷ್ಠ 24 ಕ್ರೆಡಿಟ್. ಎಲ್‌ಎಲ್‌ಎಂ ಮಾಡಿದವರಿಗೆ ಜೆಡಿಯವರಿಗೆ ಸಿಗುವ ಕೆಲಸಗಳು ಅಷ್ಟು ಸುಲಭವಾಗಿ ಸಿಗುವುದಿಲ್ಲ, ಇದನ್ನು ಶಾಲೆಗಳ ಬ್ರೋಶರ್ ಹೇಳುವುದಿಲ್ಲ. ಕೆನಡಾಕ್ಕೆ ಬರುವುದಾದರೆ ಎನ್‌ಸಿಎ ಇದೆ. ಆ ಪರೀಕ್ಷೆಗಳನ್ನು ಆನ್‌ಲೈನಿನಲ್ಲಿ ಊರಿನಿಂದಲೇ ಬರೆಯಬಹುದು. ವೀಸಾ, ಬಾಡಿಗೆ ಶುರುವಾಗುವ ಮೊದಲೇ ಅಷ್ಟು ಮುಗಿಸಿಕೊಳ್ಳಿ.

ಅರ್ಜಿ

ಲಾ ಶಾಲೆಗಳ ಪ್ರವೇಶ ಪರೀಕ್ಷೆಯಾದ ಎಲ್‌ಸ್ಯಾಟ್ ಎರಡೂ ಕಡೆ ನಡೆಯುತ್ತದೆ, 120ರಿಂದ 180ರವರೆಗಿನ ಅಂಕ. 2024ರ ಆಗಸ್ಟ್‌ನಿಂದ ಅದರಲ್ಲಿ ಲಾಜಿಕ್ ಗೇಮ್ಸ್ ಭಾಗ ಇಲ್ಲ, ಅಣ್ಣನೋ ಅಕ್ಕನೋ ಕೊಟ್ಟ ಹಳೇ ಪುಸ್ತಕ ಹಿಡಿದು ಓದುತ್ತಿದ್ದರೆ ಆ ಅಧ್ಯಾಯ ಬಿಟ್ಟುಬಿಡಿ. ಒಂಟಾರಿಯೊದ ಶಾಲೆಗಳಿಗೆಲ್ಲ ಒಂದೇ ಕಡೆ ಅರ್ಜಿ, ಗಡುವು ನವೆಂಬರ್ ಶುರುವಿನಲ್ಲಿ. ಅಮೆರಿಕದಲ್ಲಿ ಸೆಪ್ಟೆಂಬರ್‌ನಿಂದ ತೆಗೆದುಕೊಳ್ಳುತ್ತಾ ಸೀಟು ತುಂಬುತ್ತಾ ಹೋಗುತ್ತಾರೆ, ಬೇಗ ಹಾಕಿದವರಿಗೆ ಲಾಭ. ಎರಡೂ ಕಡೆ ಹಾಕಿ, ಯಾರು ಎಷ್ಟು ದುಡ್ಡು ಕೊಡುತ್ತಾರೆ ಅಂತ ಬರವಣಿಗೆಯಲ್ಲಿ ಬಂದಮೇಲೆ ಮಾತ್ರ ತೀರ್ಮಾನ ಮಾಡಿ.

ಅಮೆರಿಕದ ಶಾಲೆಗಳ ಸ್ಕಾಲರ್‌ಶಿಪ್‌ನಲ್ಲಿ ಚೌಕಾಸಿ ನಡೆಯುತ್ತದೆ, ನಾಚಿಕೆ ಬೇಡ. ಒಂದು ಶಾಲೆಯ ಪತ್ರ ತೋರಿಸಿ ಇನ್ನೊಂದನ್ನು ಕೇಳಬಹುದು. ಆದರೆ ಕೆಲವು ಸ್ಕಾಲರ್‌ಶಿಪ್‌ಗೆ ಷರತ್ತು ಇರುತ್ತದೆ, ಮೊದಲ ವರ್ಷ ಇಷ್ಟು ಅಂಕ ಬರದಿದ್ದರೆ ರದ್ದು. ಹೀಗೆ ಕಳೆದುಕೊಂಡವರು ಎಷ್ಟು ಜನ, ಪದವಿ ಮುಗಿದು ಹತ್ತು ತಿಂಗಳಿಗೆ ಎಷ್ಟು ಜನಕ್ಕೆ ಎಂಥ ಕೆಲಸ ಸಿಕ್ಕಿದೆ, ಇವೆರಡನ್ನೂ ಎಬಿಎ ಪ್ರತಿಯೊಂದು ಶಾಲೆಯಿಂದಲೂ ಪ್ರತಿ ವರ್ಷ ಬಹಿರಂಗ ಮಾಡಿಸುತ್ತದೆ. ಶಾಲೆಯ ವೆಬ್‌ಸೈಟ್‌ನಲ್ಲಿ 509 ವರದಿ ಅಂತ ಹುಡುಕಿದರೆ ಸ್ಕಾಲರ್‌ಶಿಪ್ ಲೆಕ್ಕ ಸಿಗುತ್ತದೆ, ಕೆಲಸದ ಲೆಕ್ಕ ಅದರ ಪಕ್ಕದಲ್ಲೇ ಬೇರೆ ಪಟ್ಟಿಯಾಗಿ ಇರುತ್ತದೆ. ಕೆನಡಾದ ಶಾಲೆಗಳಲ್ಲಿ ಇಂಥ ಒಂದೇ ಮಾದರಿಯ ಪಟ್ಟಿ ಇಲ್ಲ, ಅಲ್ಲಿ ಪ್ಲೇಸ್‌ಮೆಂಟ್ ಆಫೀಸಿಗೆ ನೀವೇ ಮೇಲ್ ಹಾಕಿ ಕೇಳಬೇಕು: ಕಳೆದ ವರ್ಷ ನಿಮ್ಮಲ್ಲಿಂದ ನ್ಯೂಯಾರ್ಕಿಗೆ ಎಷ್ಟು ಜನ ಹೋದರು, ಆರ್ಟಿಕ್ಲಿಂಗ್ ಸಿಗದೆ ಉಳಿದವರು ಎಷ್ಟು ಜನ.